ಮೂಗುತಿಯ ಹರಳು ಕಾಣುವ ಫೋಟೋ

ಶ್ರಾವ್ಯ,

ಹಿಟ್ಟು ಫ್ರಿಜ್ಜಿನಲ್ಲಿದೆ, ದೋಸೆ ಹೊಯ್ದು ತಿನ್ನು.

ಫೋಟೋ ತೆಗೆಯಬಾರದ ನಮ್ಮ ದೇವಸ್ಥಾನದ ಗರ್ಭಗುಡಿಯ ಫೋಟೋ ಊರಿನವರ ಮೊಬೈಲಿಗೆಲ್ಲ ಬಂದಿದೆ. ಅಮ್ಮನವರ ಮೂಗುತಿಯ ಹರಳೂ ಕಾಣುತ್ತದೆ. ಅಷ್ಟು ಹತ್ತಿರ ನಿಲ್ಲುವವನು ಪೂಜೆ ಮಾಡುವ ನಾನೊಬ್ಬನೇ ಎಂದು ಸಮಿತಿಯವರು ಇವತ್ತು ವಿಚಾರಣೆಗೆ ಕರೆದಿದ್ದಾರೆ.

ಮೊಬೈಲಿಗೆ ಸಿಕ್ಕಿಸುವ ಆ ಉದ್ದದ ಲೆನ್ಸನ್ನು ಕುಂದಾಪುರದಿಂದ ತಂದಾಗ "ಹಕ್ಕಿ ಫೋಟೋ ತೆಗುಕೆ ಅಪ್ಪಯ್ಯ" ಅಂದವಳು ನೀನು. ಇವತ್ತಿನವರೆಗೆ ಒಂದು ಕಾಗೆಯನ್ನೂ ತೋರಿಸಲಿಲ್ಲ. ಶುಕ್ರವಾರ ಮಂಗಳಾರತಿಗೆ ಎಲ್ಲರೂ ಒಳಗೆ ಬಂದರೆ ನೀನು ಧ್ವಜಸ್ತಂಭದ ಹತ್ತಿರವೇ ನಿಂತೆ. "ಒಳ್ಗೆ ಸೆಕಿ" ಅಂದೆ. ಫೋಟೋದಲ್ಲಿ ಇರುವುದೂ ಶುಕ್ರವಾರದ ಅಲಂಕಾರವೇ.

ಲೆನ್ಸ್ ನನ್ನ ಚೀಲದಲ್ಲಿದೆ, ಹುಡುಕಬೇಡ. ಹೊರಗೆ ನಿಂತೂ ಹೀಗೆ ತೆಗೆಯಬಹುದೆಂದು ಅವರಿಗೆ ತೋರಿಸುತ್ತೇನೆ. ಲೆನ್ಸ್ ಯಾರದ್ದೆಂದು ಕೇಳಿದರೆ ನಾನು ಹೇಳುವುದಿಲ್ಲ. ಹೇಳುವವಳು ಹತ್ತೂವರೆಯೊಳಗೆ ದೇವಸ್ಥಾನಕ್ಕೆ ಬರಬೇಕು.

ಅಪ್ಪಯ್ಯ