ಇಪ್ಪತ್ತೊಂದಲ್ಲ, ಒಂಬತ್ತು

ಟೆಸ್ಟ್ ರೂಮು, ಕಿಟಕಿ ಪಕ್ಕದ ಮೇಜು
ಜೂನ್ ೧೧, ಬುಧವಾರ, ಊಟದ ಬಿಡುವು

ಪ್ರೀತಿಯ ಅಪ್ಪಾ,

ಕಣ್ಣು ಹೇಗಿದೆ? ಆಪರೇಷನ್ ಸುಸೂತ್ರವಾಯಿತೆಂದು ತಿಳಿದು ಹೋದ ಜೀವ ಬಂದಂತಾಯಿತು. ಪಟ್ಟಿ ಬಿಚ್ಚುವವರೆಗೆ ಉಜ್ಜಬೇಡಿ, ಬಗ್ಗಬೇಡಿ. ಅಣ್ಣನ ಮನೆಯ ನೀರಿನ ಪಂಪು ಸದ್ದು ಮಾಡಿದರೆ ಮಾಡಲಿ, ನೀವು ಎದ್ದು ಹೋಗಿ ಅದಕ್ಕೆ ಕಿವಿ ಇಡಬೇಡಿ. ಅಣ್ಣಾ, ಇದನ್ನು ಅಪ್ಪನಿಗೆ ಓದಿ ಹೇಳುವವನು ನೀನೇ ತಾನೆ, ನನ್ನ ಸಿಟ್ಟಿನ ಮಾತುಗಳನ್ನು ಹಾರಿಸಬೇಡ. ಅಮ್ಮ ಚೆನ್ನಾಗಿದ್ದಾಳೆ. ನೀವಿಲ್ಲದೆ ಮನೆ ತಣ್ಣಗಿದೆ ಅಂತ ಮೊದಲ ದಿನ ಖುಷಿಪಟ್ಟಳು, ಈಗ ಅದೇ ಮಾತನ್ನು ಸಪ್ಪೆ ಮುಖ ಮಾಡಿಕೊಂಡು ಹೇಳುತ್ತಾಳೆ.

ಅಪ್ಪಾ, ನನ್ನ ಮೈಯೆಲ್ಲ ಉರಿಯುತ್ತಿದೆ. ನೀವು ರಜೆ ಹಾಕಿ ಹೋದ ಮೇಲೆ ಬಂದ ಹೊಸ ಮ್ಯಾನೇಜರಿಗೆ ನಾವು ಇಟ್ಟಿರುವ ಹೆಸರು ಇಸ್ತ್ರಿ. ಇಡೀ ದಿನ ಎಂಜಿನ್ನುಗಳ ನಡುವೆ ಓಡಾಡಿದರೂ ಅವನ ಅಂಗಿಯ ಗೆರೆ ಮಾಸುವುದಿಲ್ಲ, ಯಾಕೆಂದರೆ ಪುಣ್ಯಾತ್ಮ ಏನನ್ನೂ ಮುಟ್ಟುವುದಿಲ್ಲ. ಮುಟ್ಟದವನು ಡೀಸೆಲ್ ಉಳಿಸುವ ನಿಮ್ಮ ಪೆಟ್ಟಿಗೆಯನ್ನು ಮಾತ್ರ ಹಾಳು ಮಾಡಲು ಹೊರಟಿದ್ದಾನೆ. ಹನ್ನೊಂದು ವರ್ಷ ನೀವು ಅದನ್ನು ತಿದ್ದಿದ್ದು ನಾನು ಕಂಡಿದ್ದೇನೆ. ಹೊಗೆಯ ಜೊತೆ ಸುಮ್ಮನೆ ಹೊರಗೆ ಹೋಗುವ ಬಿಸಿಯನ್ನು ಹಿಡಿದು, ಅದರಲ್ಲಿ ಒಂದಿಷ್ಟು ಡೀಸೆಲ್ಲನ್ನೂ ನೀರಿನ ಹಬೆಯನ್ನೂ ಕಾಯಿಸಿ, ಬೇಗ ಹೊತ್ತಿಕೊಳ್ಳುವ ಅನಿಲ ಮಾಡಿ, ಎಂಜಿನ್ ಎಳೆದುಕೊಳ್ಳುವ ಗಾಳಿಯಲ್ಲೇ ಒಳಗೆ ಬಿಡುವುದು. ಮೊದಲ ವರ್ಷ ಒಳಗೆಲ್ಲ ಮಸಿ ಕಟ್ಟಿತು, ಮೂರನೆಯ ವರ್ಷ ಬೆಸುಗೆ ಬಿಟ್ಟು ನಿಮ್ಮ ಹುಬ್ಬು ಸುಟ್ಟಿತು. ಕಡೆಗೂ ನೂರು ಲೀಟರಿಗೆ ಒಂಬತ್ತು ಲೀಟರ್ ಉಳಿಯಿತು. ಆ ದಿನ ನೀವು ನೆಲದ ಮೇಲೇ ಕೂತು, “ಒಂಬತ್ತು ಸಾಕು ಕಣೇ, ಒಂಬತ್ತು ಸುಳ್ಳಲ್ಲ” ಅಂದಿರಿ.

ಇಸ್ತ್ರಿಗೆ ಒಂಬತ್ತು ಸಾಲದಂತೆ. ಶುಕ್ರವಾರ ಬಸ್ ಕಂಪನಿಯವರು ಬರುತ್ತಾರೆ, ಇನ್ನೂರು ಬಸ್ಸಿಗೆ ಪೆಟ್ಟಿಗೆ ಹಾಕಿಸುವ ಮಾತುಕತೆ. ಅದಕ್ಕಾಗಿ ಅವನೇ ನಿಂತು ಪರೀಕ್ಷೆ ಮಾಡಿಸಿದ. ಪೆಟ್ಟಿಗೆ ಇಲ್ಲದ ಓಟವನ್ನು ಸೋಮವಾರ ಉರಿಬಿಸಿಲಿನ ಹೊತ್ತಿಗೆ ಇಟ್ಟ. ಧೂಳು ಮೆತ್ತಿದ ಹಳೆಯ ಏರ್ ಫಿಲ್ಟರ್ ಹಾಕಿಸಿ, ಗಾಳಿ ಕೊಳವೆಯ ಬಾಯನ್ನು ಕಾದ ಸೈಲೆನ್ಸರಿನ ಪಕ್ಕಕ್ಕೆ ತಿರುಗಿಸಿದ. ಪಾಪದ ಎಂಜಿನ್ನು ಮೂಗು ಕಟ್ಟಿದವರ ಹಾಗೆ ಏದುಸಿರು ಬಿಟ್ಟು ಡೀಸೆಲ್ ಜಾಸ್ತಿ ಕುಡಿಯಿತು. ಪೆಟ್ಟಿಗೆ ಹಾಕಿದ ಓಟ ಮಾತ್ರ ನಿನ್ನೆ ಬೆಳ್ಳಂಬೆಳಿಗ್ಗೆ. ಫಿಲ್ಟರೇ ಇಲ್ಲ, ಕೊಳವೆ ಕಿಟಕಿಯಾಚೆ, ತಣ್ಣನೆಯ ಗಾಳಿ. ಬಂತಲ್ಲ ಉಳಿತಾಯ ನೂರಕ್ಕೆ ಇಪ್ಪತ್ತೊಂದು! ಎರಡು ಓಟಕ್ಕೂ ಗಾಳಿ ಒಂದೇ ಇರಬೇಕಲ್ವಾ ಸರ್ ಅಂತ ಕೇಳಿದೆ. “ಗಾಳೀನ ಯಾರು ನೋಡ್ತಾರಮ್ಮ, ನಂಬರ್ ನೋಡ್ತಾರೆ” ಅಂದ. ಮೂಗಿರುವ ಮನುಷ್ಯ ಆಡುವ ಮಾತೇ ಇದು?

ಬಸ್ಸುಗಳು ರಸ್ತೆಗಿಳಿದ ತಿಂಗಳಿಗೇ ಬಣ್ಣ ಬಯಲಾಗುತ್ತದೆ. ಅಷ್ಟರಲ್ಲಿ ಇವನು ಇನ್ನೊಂದು ಕಂಪನಿಯಲ್ಲಿ ಇನ್ನೊಂದು ಅಂಗಿ ಹಾಕಿಕೊಂಡು ಕೂತಿರುತ್ತಾನೆ. ಮಂಗ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ, ಮೋಸ ಮಾಡಿದ್ದು ಪೆಟ್ಟಿಗೆ ಅಂತಾಗುತ್ತದೆ. ಅದನ್ನು ಕಿತ್ತು ಗುಜರಿಗೆ ಹಾಕುತ್ತಾರೆ. ಆಮೇಲೆ ನಿಮ್ಮ ನಿಜವಾದ ಒಂಬತ್ತನ್ನೂ ಯಾರೂ ನಂಬುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಅತ್ತಿಗೆಯನ್ನು ಕೇಳಿದೆ ಎಂದು ಹೇಳಿ. ಹೊತ್ತಿಗೆ ಸರಿಯಾಗಿ ಔಷಧಿ ಹಾಕಿಸಿಕೊಳ್ಳಿ. ಅಮ್ಮನೂ ನಾನೂ ನಿಮ್ಮ ದಾರಿ ನೋಡುತ್ತಿದ್ದೇವೆ.

ನಿಮ್ಮ ಜಗಳಗಂಟಿ ಮಗಳು

ಮರೆತಿದ್ದೆ ಅಂತ ಸುಳ್ಳು ಹೇಳುವುದಿಲ್ಲ, ಇದನ್ನು ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಆ ಇಪ್ಪತ್ತೊಂದರ ಕೆಳಗೆ ಇರುವುದು ನಿಮ್ಮ ಸಹಿ. ಎಣ್ಣೆ ಕೈ ತಾಗಿ ಹಾಳೆ ಕೊಳೆಯಾಗುತ್ತದೆಂದು, ಬೆಳಿಗ್ಗೆ ಕೈ ಶುದ್ಧವಾಗಿರುವಾಗಲೇ ಪರೀಕ್ಷೆಯ ಲೆಕ್ಕ ಬರೆಯುವ ಖಾಲಿ ಹಾಳೆಗಳಿಗೆ ಸಹಿ ಹಾಕಿಡುವುದು ನಮ್ಮ ರೂಮಿನ ಪದ್ಧತಿಯಲ್ಲವೇ? ನೀವು ರಜೆಗೆ ಮುಂಚೆ ಹಾಕಿಟ್ಟವು ಡ್ರಾಯರಿನಲ್ಲಿ ಉಳಿದಿದ್ದವು. “ಖಾಲಿ ಹಾಳೆ ಕೊಡಮ್ಮ” ಅಂದ ಇಸ್ತ್ರಿ. ಕೆಳಗೆ ನೋಡದೆ ಕಟ್ಟು ತೆಗೆದು ಕೊಟ್ಟವಳು ನಾನೇ ಅಪ್ಪಾ. ಇವತ್ತು ವಾಪಸ್ ಕೇಳಿದರೆ ನಕ್ಕುಬಿಟ್ಟ. ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಆ ಎರಡು ದಿನ ನೀವು ಇಲ್ಲಿರಲಿಲ್ಲ, ಆ ಲೆಕ್ಕ ನಿಮ್ಮದಲ್ಲ ಅಂತ ಅಣ್ಣನ ಕೈಯಲ್ಲಿ ಬರೆಸಿ. ಸಹಿ ಬೇಡ, ಅದು ಅವನ ಕೈ ಸೇರಿಯಾಯಿತು, ಹೆಬ್ಬೆಟ್ಟು ಒತ್ತಿ. ಇದನ್ನು ತರುವ ಲಾರಿ ಡ್ರೈವರಣ್ಣ ನಾಳೆ ಸಂಜೆ ವಾಪಸ್ ಹೊರಡುತ್ತಾನೆ, ಅವನ ಕೈಗೇ ಕೊಡಿ. ಶುಕ್ರವಾರ ಬಸ್ಸಿನವರ ಮುಂದೆ ನಿಂತು ನಾನೇ ಓದುತ್ತೇನೆ, ಕೆಲಸ ಹೋದರೆ ಹೋಗಲಿ. ನನ್ನನ್ನು ಬೈಯುವುದಿದ್ದರೆ ಅದೇ ಕಾಗದದಲ್ಲಿ ಬೈಯಿರಿ, ಅದನ್ನೂ ಅವರ ಮುಂದೆಯೇ ಓದುತ್ತೇನೆ.