ಅವಳಿ ಸೂರ್ಯರ ರಾಣಿಗೆ ಒಂದು ಓಟು

ತಿ. ನರಸೀಪುರ
೧೦ ಆಗಸ್ಟ್ ೨೦೨೪, ಶನಿವಾರ

ಪ್ರೀತಿಯ ಅತ್ತೆಗೆ, ಮತ್ತು ಇದನ್ನು ಅತ್ತೆಗೆ ಓದಿ ಹೇಳುತ್ತಿರುವ ಕೋಮಲಳಿಗೆ,

ಕೂಸು ಹೇಗಿದೆ? ನೀನು ಕಳಿಸಿದ ಫೋಟೋದಲ್ಲಿ ಮೂಗು ಥೇಟ್ ಅತ್ತೆಯದೇ. ಅದನ್ನು ನೋಡಿ ‘ಪಾಪ’ ಅಂದಿದ್ದು ನಿಮ್ಮ ಮಗ, ನಾನಲ್ಲ.

ಫೋನಿರುವಾಗ ಕಾಗದ ಯಾಕೆ ಅತ್ತಿಗೆ ಅನ್ನಬೇಡ, ಕೋಮಲ. ಫೋನಿನಲ್ಲಿ ಕೂಸು ಅಳುತ್ತದೆ, ಕುಕ್ಕರ್ ಕೂಗುತ್ತದೆ, ಅಷ್ಟರಲ್ಲಿ ಅತ್ತೆ “ಆಯ್ತು, ಫೋನ್ ಮಡಗವ್ವ” ಅಂದುಬಿಡುತ್ತಾರೆ. ಓದುಕೂಟದಲ್ಲಿ ಆದ ಗಲಾಟೆಯನ್ನು ಹಾಗೆ ತುಂಡು ತುಂಡಾಗಿ ಹೇಳಲು ಬರುವುದಿಲ್ಲ. ಒಂದು ಸಾಲೂ ಬಿಡದೆ ಓದು.

ಮೊದಲು ಮನೆ ಸಮಾಚಾರ. ಎಲ್ಲ ಚೆನ್ನಾಗಿದೆ. ಹೊಳೆ ಇಳಿದಿದೆ. ನಿಮ್ಮ ಮಗ ಪಂಪ್‌ಸೆಟ್ ರಿಪೇರಿ ಅಂತ ಊರೂರು ತಿರುಗುತ್ತಿದ್ದಾರೆ. ನಾನು ದಿನಾ ತಾಲ್ಲೂಕು ಕಚೇರಿಗೆ ಹೋಗಿ ಬರುತ್ತಿದ್ದೇನೆ. ನೀವಿಲ್ಲದೆ ನಮಗೇನೂ ತೊಂದರೆಯಿಲ್ಲ. ಮೂರು ಜನಕ್ಕೇ ಮುದ್ದೆ ತೊಳಸುವ ಅಭ್ಯಾಸ ಕೈಯಿಂದ ಇನ್ನೂ ಹೋಗಿಲ್ಲ, ಅಷ್ಟೆ. ಮಿಕ್ಕಿದ್ದನ್ನು ಬೀದಿ ನಾಯಿ ತಿಂದು ಗುಂಡಗಾಗಿದೆ.

ಕೋಮಲ, ನಮ್ಮ ಕೂಟದ ವಿಷಯ ನಿನಗೆ ಅರ್ಧಂಬರ್ಧ ಗೊತ್ತು. ತಿಂಗಳ ಮೊದಲ ಭಾನುವಾರ ಪುಟ್ಟಬಸವಯ್ಯನವರ ಹಿಟ್ಟಿನ ಮಿಲ್ಲಿನಲ್ಲಿ ಸೇರುತ್ತೇವೆ. ಅವತ್ತು ಮಿಲ್ಲಿಗೆ ರಜೆ. ಮೂಟೆಗಳ ಮೇಲೆ ಕೂತು, ಆ ತಿಂಗಳು ಓದಿದ ಪುಸ್ತಕದ ಮೇಲೆ ಜಗಳವಾಡಿ ಎದ್ದರೆ ಎಲ್ಲರ ಸೀರೆ, ಪಂಚೆ, ಪ್ಯಾಂಟಿನ ಹಿಂಭಾಗವೂ ಬೆಳ್ಳಗೆ. ಅತ್ತೆಗೆ ನಾನು ಊಟವಾದ ಮೇಲೆ ಒಂದೊಂದೇ ಅಧ್ಯಾಯ ಓದಿ ಹೇಳುತ್ತೇನೆ. ಮಿಲ್ಲಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವರು ಅವರೇ.

ಈ ಸಲದ ಪ್ರಶ್ನೆ, ಮುಂದಿನ ಪುಸ್ತಕ ಯಾವುದು ಅನ್ನುವುದು. ನರ್ಸ್ ಶಾಲಿನಿ ಆರುನೂರು ಪುಟದ ದಪ್ಪ ಪುಸ್ತಕ ಹೊತ್ತು ತಂದಿದ್ದಳು. ಹೆಸರು ‘ಅವಳಿ ಸೂರ್ಯರ ರಾಣಿ’. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಹಡಗುಗಳ ಕತೆ. ಇಂಥದ್ದಕ್ಕೆ ಸ್ಪೇಸ್ ಒಪೆರಾ ಅನ್ನುತ್ತಾರೆ ಅಂದಳು.

ಕನ್ನಡ ಮೇಷ್ಟ್ರಾಗಿ ರಿಟೈರಾದ ನಂಜುಂಡಸ್ವಾಮಿಯವರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಏನರ್ಥ ಅಂತ ಅತ್ತೆಗೆ ಗೊತ್ತು.

“ಒಪೆರಾ ಅಂದ್ರೆ ಹಾಡೋದಮ್ಮ. ಮೇಲೆ ಗಾಳಿನೇ ಇಲ್ಲ, ಹಾಡೋರ್ಯಾರು, ಕೇಳೋರ್ಯಾರು?” ಅಂದರು.

ಪುಟ್ಟಬಸವಯ್ಯನವರು, “ಕಂಪನಿ ನಾಟಕ ಇದ್ದಂಗೆ ಅಂದ್ಕಳಿ ಸಾ. ರಾಜ, ರಾಣಿ, ಸೇನಾಪತಿ, ಮೋಸ, ಯುದ್ಧ. ಪರದೆ ಒಂದು ಆಕಾಶದ್ದು,” ಅಂದರು.

“ನಮ್ಮೂರಿಗೆ ಬಸ್ಸೇ ಟೈಮಿಗೆ ಬರಲ್ಲ. ನಮಗ್ಯಾಕ್ರೀ ನಕ್ಷತ್ರಕ್ಕೆ ಹೋಗೋ ಹಡಗು? ನಮ್ಮ ಮಣ್ಣಿನ ಕತೆ ಓದೋಣ,” ಅಂತ ಮೇಷ್ಟ್ರು ತಮ್ಮ ಚೀಲದಿಂದ ಇನ್ನೊಂದು ಕಾದಂಬರಿ ತೆಗೆದರು. ಹಳ್ಳಿಯ ಒಬ್ಬ ಹೆಣ್ಣುಮಗಳ ಕಷ್ಟದ ಕತೆ. ಒಳ್ಳೆಯ ಪುಸ್ತಕವೇ. ಅವಳಿಗೆ ಕೊನೆಯಲ್ಲಿ ಏನಾಗುತ್ತದೆ ಅಂತ ನಾನು ಕೇಳಿದೆ. ಮೇಷ್ಟ್ರು ಪುಸ್ತಕದ ರಟ್ಟು ಸವರುತ್ತ, “ಬಾವಿ ಇದೆ,” ಅಂದರು.

ನಾನು ಆಗ ಎದ್ದು ನಿಂತೆ. ಅತ್ತೆ, ನೀವು ನಂಜನಗೂಡಿಗೆ ಹೊರಡುವ ಮುಂಚೆ ಆಡಿದ ಮಾತನ್ನು ನೀವು ಆಡಿದ ಹಾಗೇ ಹೇಳಿಬಿಟ್ಟೆ: “ಬಾವಿಗ್ ಬಿದ್ದೋಳ್ ಕತೆ ಬೇಕಾದಷ್ಟ್ ಕೇಳಿವ್ನಿ ಕನವ್ವ. ಒಬ್ಳಾದ್ರೂವೆ ಮ್ಯಾಕ್ಕೋಗೋ ಕತೆ ಓದು.” ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು, ಆದರೆ ಪುಸ್ತಕವನ್ನು ಚೀಲದೊಳಗೆ ಇಡಲಿಲ್ಲ.

ನಮ್ಮ ಕಟ್ಟಳೆಯಂತೆ ಎರಡೂ ಪುಸ್ತಕದ ಮೊದಲ ಅಧ್ಯಾಯ ಓದಬೇಕಲ್ಲ. ಮೇಷ್ಟ್ರು ಓದಿದ್ದನ್ನು ಕೇಳಿ ಪುಟ್ಟಬಸವಯ್ಯನವರ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಶಾಲಿನಿ ಶುರುಮಾಡಿದಳು. ಅಲ್ಲಿ ಆಯಿತು ನೋಡಿ ಎಡವಟ್ಟು. ರಾಣಿಯ ಹೆಸರು ಅರ್ಕಥೆಲಿಯಾನಾ, ಅವಳ ಮೈದುನ ಅರ್ಕಥೋರಿಯನ್, ಹಡಗಿನ ಹೆಸರು ಅದಕ್ಕಿಂತ ಉದ್ದ. ಎರಡನೇ ಪುಟಕ್ಕೇ ಅರ್ಧ ಜನ ಆಕಳಿಸಿದರು. ಪುಟ್ಟಬಸವಯ್ಯನವರು, “ತಡೀರಿ, ಯಾರು ಯಾರ್ಗೇನಾಗ್ಬೇಕು?” ಅಂದರು. ಶಾಲಿನಿಯ ಮುಖ ಸಣ್ಣಗಾಯಿತು. ಡ್ಯೂಟಿ ಮುಗಿಸಿ ನಿದ್ದೆಗೆಟ್ಟು ಬಂದಿದ್ದಳು ಪಾಪ.

ಅವಳ ಕೈಯಿಂದ ಪುಸ್ತಕ ತೆಗೆದುಕೊಂಡೆ. ಜೂನ್‌ನಲ್ಲಿ ಶಾಲಿನಿಯಿಂದ ಎರಡು ದಿನಕ್ಕೆ ಇಸಕೊಂಡು ಬಂದು ಈ ಅಧ್ಯಾಯವನ್ನು ನಿಮಗೆ ಓದಿ ಹೇಳಿದ್ದೆನಲ್ಲ, ಆಗ ನೀವಿಟ್ಟ ಹೆಸರುಗಳಲ್ಲೇ ಓದಿದೆ. ರಾಣಿ ನಂಜವ್ವ. ಮೈದುನ ದೊಡ್ಡಪಟೇಲ. ಎಂಜಿನ್ ಕೆಮ್ಮುವ, ಸೂರು ಸೋರುವ, ಆದರೂ ಬಂದವರನ್ನೆಲ್ಲ ಹತ್ತಿಸಿಕೊಳ್ಳುವ ಹಳೇ ಹಡಗಿಗೆ ಹತ್ತಿರದ ಹಳ್ಳಿಗೆ ಹೋಗುವ ಬಸ್ಸಿನ ಹೆಸರು, ಹೆಮ್ಮಿಗೆ ಬಸ್ಸು. ಗಂಡ ಸತ್ತ ಮೇಲೆ ದೊಡ್ಡಪಟೇಲ ಅರಮನೆ ಹಿಡಿದುಕೊಂಡು, “ನಿಂಗೊಂದು ಮೂಲೆ ಕೊಡ್ತೀನಿ, ತೆಪ್ಪಗಿರು” ಅನ್ನುತ್ತಾನೆ. ನಂಜವ್ವ ಹೆಮ್ಮಿಗೆ ಬಸ್ಸು ಹತ್ತಿ, ಎರಡು ಸೂರ್ಯರು ಕೂಡುವ ಕಡೆಗೆ, ಯಾರೂ ಹೋಗಿ ವಾಪಸ್ ಬರದ ಕಡೆಗೆ, ಸ್ಟೇರಿಂಗ್ ತಿರುಗಿಸುತ್ತಾಳೆ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ.

ಪುಟ್ಟಬಸವಯ್ಯನವರು ಮೂಟೆಯಿಂದ ಎದ್ದೇಬಿಟ್ಟರು: “ನಂಜವ್ವ ಹೋದ್ಲಾ ಇಲ್ವಾ? ಅಷ್ಟೇಳಿ ಸಾಕು!”

ಕೈ ಎತ್ತಿಸಿದೆವು. ಬಂದಿದ್ದವರು ಎಂಟು ಜನ. ನಾಲ್ಕು, ನಾಲ್ಕು! ಪುಟ್ಟಬಸವಯ್ಯನವರ ಹೆಂಡತಿ ಎರಡಕ್ಕೂ ಕೈ ಎತ್ತಿದ್ದರು, ಅದರಲ್ಲಿ ಒಂದನ್ನು ಇಳಿಸಿದ ಮೇಲೆ ಬಂದ ಲೆಕ್ಕ ಇದು. ಅತ್ತೆಯ ಓಟು ನಂಜವ್ವನಿಗೇ, ನಾನು ಹಾಕುತ್ತೇನೆ ಅಂದೆ. ಮೇಷ್ಟ್ರು ಒಪ್ಪಲಿಲ್ಲ. “ಚಿನ್ನಮ್ಮನವರ ಓಟು ಚಿನ್ನಮ್ಮನವರೇ ಬಂದು ಹಾಕ್ಲಿ. ಅದಕ್ಕೆ ಸೋಲೋಕೆ ನಂಗೇನೂ ಬೇಜಾರಿಲ್ಲ,” ಅಂದರು. ಸೆಪ್ಟೆಂಬರ್ ಒಂದನೇ ತಾರೀಖಿಗೆ ಮುಂದೂಡಿದೆವು.

ಮಜಾ ಕೇಳಿ. ಆ ಗಲಾಟೆಯಲ್ಲಿ ಶಾಲಿನಿಯ ಪುಸ್ತಕ ಕಾಣಲಿಲ್ಲ. ಬುಧವಾರ ಮೇಷ್ಟ್ರು ಯಾವುದೋ ಪಹಣಿಯ ನೆಪ ಮಾಡಿಕೊಂಡು ನಮ್ಮ ಕಚೇರಿಗೆ ಬಂದರು. ಕಂಕುಳಲ್ಲಿ ನ್ಯೂಸ್‌ಪೇಪರ್ ಸುತ್ತಿದ ದಪ್ಪ ಗಂಟು. ಮೆಲ್ಲಗೆ, “ಇನ್ನೂರು ಪುಟ ಆಯ್ತಮ್ಮ. ಆ ದೊಡ್ಡಪಟೇಲ ಇದ್ದಾನಲ್ಲ, ಪರಮ ನೀಚ,” ಅಂದರು. ಹಾಗಾದರೆ ನಿಮ್ಮ ಓಟು ಬದಲಾಯಿಸಿ ಸಾರ್ ಅಂದೆ. “ಛೆ ಛೆ, ಎತ್ತಿದ ಕೈ ಎತ್ತಿದ್ದೇ. ಚಿನ್ನಮ್ಮನವರು ಯಾವಾಗ ಬರ್ತಾರೆ?” ಅಂದರು.

ನಾನು ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿಲ್ಲವಲ್ಲ. ರಜೆ ಮುಗಿದು ಕೋಮಲ ಸ್ಕೂಲಿಗೆ ಹೋಗಬೇಕು, ಒಂದು ವರ್ಷವಾದರೂ ಅವ್ವ ಇಲ್ಲೇ ಇರಲಿ ಅತ್ತಿಗೆ ಅಂತ ಕೇಳಿದ್ದಾಳೆ. ಅದರಲ್ಲಿ ತಪ್ಪೇನಿಲ್ಲ. ಹೆತ್ತ ಮಗಳು. ಅತ್ತೆಗೆ ಹೇಗೆ ಇಷ್ಟವೋ ಹಾಗೆ ಅಂತ ನಾನೂ ಹೇಳಿದ್ದೇನೆ. ನೀವಿಲ್ಲದೆ ನಮಗೇನೂ ತೊಂದರೆಯಿಲ್ಲ. ಇದನ್ನು ಮೇಲೆ ಒಂದು ಸಲ ಬರೆದೆ ಅನ್ನಿಸುತ್ತದೆ.

ಕೂಸಿಗೆ ಮುತ್ತು.

ನಿಮ್ಮ ಸೊಸೆ,
ರೋಜಾ

ತಾ. ಕ.: ಕೋಮಲ, ಕೆಳಗಿನ ದಪ್ಪಕ್ಷರದ ಸಾಲುಗಳನ್ನು ನೀನು ಓದಬೇಡ. ಕಾಗದವನ್ನು ಅತ್ತೆಯ ಕೈಗೆ ಕೊಡು. ಹೌದು, ಕೈಗೇ. ಬೇಸಿಗೆಯಿಂದ ಮೊರದಲ್ಲಿ ರಾಗಿಹಿಟ್ಟು ಹರಡಿಕೊಂಡು ಬೆರಳಲ್ಲಿ ಅಕ್ಷರ ತಿದ್ದುತ್ತಿದ್ದರು. ಯಾರಿಗೂ ಹೇಳಬೇಡ ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಆಣೆ ಮುರಿದಿದ್ದೇನೆ, ಬೈದರೆ ಬೈಸಿಕೊಳ್ಳುತ್ತೇನೆ. ಒತ್ತಕ್ಷರಕ್ಕೆ ಇನ್ನೂ ಬಂದಿಲ್ಲ. ಅದಕ್ಕೇ ಒತ್ತಿಲ್ಲದ ಮಾತುಗಳನ್ನು ಹುಡುಕಿ ಹುಡುಕಿ ಬರೆದೆ. ‘ಅತ್ತೆ’ ಅಂತಲೇ ಬರೆಯಲು ಆಗಲಿಲ್ಲ ನೋಡು.

ಹೇಗೋ ಹಾಗೆ ಇರಲಿ ಎಂದೆ. ಅದು ಬರಿ ಬಾಯಿ ಮಾತು. ಮನೆ ಖಾಲಿ ಖಾಲಿ. ಬೇಗ ಬರಬೇಕು. ಈ ಸಲ ರಾಣಿ ಕತೆ ನೀವು ಓದಿ, ನಾನು ಕೇಳುವೆ.


ನಂಜನಗೂಡು
೧೬ ಆಗಸ್ಟ್ ೨೦೨೪

ಪ್ರೀತಿಯ ಅತ್ತಿಗೆ,

ನೀವು ಹೇಳಿದಂತೆ ಕಾಗದವನ್ನು ಅವ್ವನ ಕೈಗೆ ಕೊಟ್ಟೆ. “ಸಿಕ್ಬಿದ್ದೆ” ಅಂತ ಅವ್ವ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಕಿಟಕಿ ಹತ್ತಿರ ಹೋಗಿ, ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ಜೋರಾಗಿ ಓದಿದಳು. ‘ಖಾ’ ಹತ್ತಿರ ತುಂಬ ಹೊತ್ತು ನಿಂತಳು. ನಾನು ಬಾಯಿ ಹಾಕಲು ಹೋದರೆ ಕೈ ಅಡ್ಡ ಹಿಡಿದಳು. ‘ಖಾಲಿ ಖಾಲಿ’ ಅಂತ ತಾನೇ ಬಿಡಿಸಿಕೊಂಡ ಮೇಲೆ ಮುಂದಕ್ಕೆ ಹೋಗಲಿಲ್ಲ. ಯಾಕವ್ವ ಅಂದರೆ, “ಕಣ್ಗೆ ಒಗೆ ಓಯ್ತು ಕನವ್ವ” ಅಂದಳು. ನಮ್ಮದು ಗ್ಯಾಸ್ ಒಲೆ ಅತ್ತಿಗೆ. ಅದೂ ಆಗ ಹಚ್ಚಿರಲಿಲ್ಲ.

ನನಗೆ ನಗು, ಅಳು ಎರಡೂ ಬಂತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಅಂತ ಒಪ್ಪಿಕೊಳ್ಳುತ್ತೇನೆ. ಮಗಳೇ ಟೀಚರ್, ನನ್ನ ಹತ್ತಿರ ಯಾಕೆ ಕಲಿಯಲಿಲ್ಲ ಅಂತ ಕೇಳಿದೆ. “ನೀನ್ ಬಯ್ತೀಯ. ರೋಜಾ ನಗ್ತಾಳೆ,” ಅಂದಳು. ಸೋಮವಾರ ರಜೆ ಮುಗಿದು ಹೋದಾಗ ಕ್ಲಾಸಿನಲ್ಲಿ ಒಬ್ಬನನ್ನೂ ಬೈಯುವುದಿಲ್ಲ ಅಂತ ಅಂದುಕೊಂಡಿದ್ದೇನೆ.

ಒಂದು ವರ್ಷ ಇರು ಅಂತ ನಾನು ಕೇಳಿದಾಗ ಅವ್ವ ಇಲ್ಲ ಅನ್ನಲಿಲ್ಲ. ಅವಳು ಯಾವತ್ತು ಯಾರಿಗೆ ಇಲ್ಲ ಅಂದಿದ್ದಾಳೆ? ಅದನ್ನೇ ಇಷ್ಟ ಅಂದುಕೊಂಡೆ. ಇವತ್ತು ನಮ್ಮ ಅತ್ತೆಯ ಜೊತೆ ಮಾತಾಡಿದೆ. ಮೂಗೂರಿನಿಂದ ಅವರು ಕೂಸನ್ನು ನೋಡಿಕೊಳ್ಳಲು ಈ ತಿಂಗಳ ಕೊನೆಗೆ ಬಂದಿರುತ್ತಾರೆ. ಕೇಳಿದ ಕೂಡಲೇ, “ನನ್ನ ಕರೀಲೇ ಇಲ್ವಲ್ಲ ಅಂತಿದ್ದೆ” ಅಂದರು. ನನಗೆ ನಾಚಿಕೆಯಾಯಿತು.

ಅವ್ವನನ್ನು ಕರೆದುಕೊಂಡು ಹೋಗಲು ಅಣ್ಣನನ್ನು ಕಳಿಸಿ. ಆ ಪುಸ್ತಕ ಮುಗಿದ ಮೇಲೆ ನನಗೂ ಬೇಕು.

ನಿಮ್ಮ
ಕೋಮಲ

ತಾ. ಕ.: ಈ ಕೆಳಗಿನದು ಅವ್ವನ ಸ್ವಂತ ಕೈಬರಹ. ಬೆಳಗಿನಿಂದ ಕೂತು ಬರೆದಳು. ನಾನು ಮುಟ್ಟಿಲ್ಲ, ತಿದ್ದಿಲ್ಲ.

ರೋಜಾ. ನಾನೇ ಓದಿದೆ. ಮಿಲಿಗೆ ಬರುವೆ. ನನ ಓಟು ರಾಣಿಗೆ. ನಾನು ಬರೋ ತನಕ ಮುಂದೆ ಓದಬೇಡ. ಮೇಸಟರಿಗು ಹೇಳು.
ಚಿನಮ