ಕಲಶದ ಮುಂದಿನ ಅರ್ಧ ಡಾಲರ್

ಆಗಸ್ಟ್ 8, ಶುಕ್ರವಾರ. ಹಾಫ್‌ಮನ್ ಎಸ್ಟೇಟ್ಸ್.

ವರಮಹಾಲಕ್ಷ್ಮಿ ಹಬ್ಬ ಚೆನ್ನಾಗೇ ಆಯಿತು. ಆ ನಾಣ್ಯ ಮಾತ್ರ ತಲೆಯಿಂದ ಹೋಗುತ್ತಿಲ್ಲ.

1834ರ ಬೆಳ್ಳಿಯ ಅರ್ಧ ಡಾಲರ್. ಡೆಟ್ರಾಯಿಟ್‌ವರೆಗೂ ಡ್ರೈವ್ ಮಾಡಿ, ಅಲ್ಲಿನ ಕಾಯಿನ್ ಶೋನಲ್ಲಿ ಅವಸರಕ್ಕೆ ಬಿದ್ದು ಕೊಂಡಿದ್ದೆ. ಮನೆಗೆ ಬಂದು ನೋಡಿದರೆ ಯಾರೋ ಪಾಲಿಶ್ ಹಾಕಿ ಉಜ್ಜಿದ್ದರು. ಹಳೇ ಬೆಳ್ಳಿಗೆ ತಾನಾಗಿ ಬರುವ ಬಣ್ಣವೆಲ್ಲ ಹೋಗಿ, ಸ್ಟೀಲ್ ತಟ್ಟೆಯ ಹಾಗೆ ಬಿಳಿಚಿಕೊಂಡಿತ್ತು. ಕಲೆಕ್ಷನ್ನಿಗೆ ನಾಲಾಯಕ್ಕು, ಪೂಜೆಗೆ ಇಟ್ಕೋ ಅಂತ ಹೆಂಡತಿ ಪದ್ಮಳಿಗೆ ಕೊಟ್ಟೆ. ಅವಳು ಈ ಹಬ್ಬಕ್ಕೊಮ್ಮೆ ತೆಗೆದು ಕಲಶದ ಮುಂದಿಡುತ್ತಾಳೆ. ಉಳಿದಂತೆ ಅದು ರವಿಕೆ ಕಣದಲ್ಲಿ ಸುತ್ತಿ ದೇವರ ಡಬ್ಬಿಯಲ್ಲಿರುತ್ತದೆ.

ಎಷ್ಟೋ ವರ್ಷದ ಮೇಲೆ ಇವತ್ತು ಸರಿಯಾಗಿ ನೋಡಿದೆ. ಬಟ್ಟೆಯೊಳಗೆ ಇದ್ದೂ ಇದ್ದೂ ಹೋದ ಬಣ್ಣ ತಾನಾಗಿ ಮತ್ತೆ ಬಂದಿದೆ: ಅಂಚಿನಲ್ಲಿ ನವಿಲಿನ ಕುತ್ತಿಗೆಯ ನೀಲಿ, ಒಳಗೆ ಜೇನಿನ ಬಣ್ಣ. ನನ್ನ ಆಲ್ಬಮ್ಮಿನಲ್ಲಿ ಅಂಥದ್ದು ಒಂದೂ ಇಲ್ಲ.

"ಇದನ್ನ ನಂಗೆ ಕೊಡು, ಬೇರೆ ಎರಡು ಕೊಡ್ತೀನಿ" ಅಂದೆ.

ಪದ್ಮ ಹೂ ಸರಿಮಾಡುತ್ತಲೇ ಅಂದಳು: "ರೀ, ಕೆಟ್ಟಿದೆ ಅಂತ ದೇವರಿಗೆ ಕೊಟ್ರಿ. ಚೆನ್ನಾಗಾದ ಮೇಲೆ ವಾಪಸ್ ಕೇಳ್ತೀರಲ್ಲ."

ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ನಾಳೆ ಕಲಶ ಕದಲಿಸುತ್ತಾಳೆ. ಇನ್ನು ಕೇಳಲ್ಲ. ಅವಳು ಅದನ್ನು ಮತ್ತೆ ಸುತ್ತಿಡುವ ಮುಂಚೆ ಒಂದು ಸಲ ಕಿಟಕಿಯ ಬೆಳಕಿಗೆ ಹಿಡಿದು ನೋಡಿಕೊಂಡರೆ ಸಾಕು. ಸಾಕು ಅಂತ ಈಗ ಅನ್ನಿಸುತ್ತಿದೆ. ನಾಳೆ ಕೈಯಲ್ಲಿ ಹಿಡಿದಾಗ ಏನನ್ನಿಸುತ್ತದೋ ಗೊತ್ತಿಲ್ಲ.